ಗಡಿಯಿಂದ ಬಂದ ಯೋಧರು ಮುಚ್ಚಿಡುವ ಕಿಬ್ಬೊಟ್ಟೆ ನೋವು: ಇದು ಗುಪ್ತರೋಗ ಅಲ್ಲ, ನಾಚಿಕೆ ಬಿಡಿ, ಪರೀಕ್ಷೆ ಮಾಡಿಸಿ

ಮಡಿಕೇರಿ: ಕೊಡಗಿನಲ್ಲಿ ಸೈನ್ಯದ ನಂಟಿಲ್ಲದ ಊರು ಹುಡುಕುವುದು ಕಷ್ಟ. ರಜೆ ಮೇಲೆ ಬಂದ ಹುಡುಗನೋ, ಪಿಂಚಣಿ ಪಡೆದು ತೋಟ ನೋಡಿಕೊಳ್ಳುವ ಹಿರಿಯರೋ, ಬ್ಯಾಂಕಿನ ಬಾಗಿಲಲ್ಲಿ ಗಾರ್ಡ್ ಕೆಲಸಕ್ಕೆ ನಿಂತ ಮಾಜಿ ಹವಾಲ್ದಾರರೋ ಎಲ್ಲ ಕಡೆ ಸಿಗುತ್ತಾರೆ. ಮೊಣಕಾಲು ನೋವು, ಬೆನ್ನು ನೋವು ಅಂತ ಇವರು ಎಲ್ಲರೆದುರೂ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳದೇ ಇರುವ ನೋವು ಇನ್ನೊಂದಿದೆ. ಹೊಕ್ಕುಳಿನ ಕೆಳಗೆ, ತೊಡೆಸಂದಿಯಲ್ಲಿ, ವೃಷಣದ ಹಿಂದೆ ತಿಂಗಳುಗಟ್ಟಲೆ ಕಾಡುವ ನೋವು. ಜೊತೆಗೆ ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನ್ನಿಸುವುದು, ಹೋದರೂ ಪೂರ್ತಿ ಆಗಲಿಲ್ಲ ಅನ್ನಿಸುವುದು.

ಈ ನೋವನ್ನು ಹೆಂಡತಿಗೂ ಹೇಳದೆ ಮುಚ್ಚಿಡುವವರು ಇದ್ದಾರೆ. 'ಯಾವುದೋ ಕೆಟ್ಟ ಕಾಯಿಲೆ ಅಂದುಕೊಂಡುಬಿಟ್ಟರೆ?' ಅನ್ನುವ ಭಯ. ಆ ಭಯದಲ್ಲೇ ಮೆಡಿಕಲ್ ಶಾಪ್‌ನಲ್ಲಿ ಸಿಕ್ಕಿದ ಮಾತ್ರೆ ನುಂಗುತ್ತಾರೆ. ಇಲ್ಲವೇ ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ 'ಗುಪ್ತರೋಗಕ್ಕೆ ಶಾಶ್ವತ ಪರಿಹಾರ' ಚೀಟಿ ನೋಡಿಕೊಂಡು ಯಾವುದೋ ಲಾಡ್ಜ್‌ನ ಮೆಟ್ಟಿಲು ಹತ್ತುತ್ತಾರೆ. ಎರಡರಲ್ಲೂ ದುಡ್ಡು ಹೋಗುತ್ತದೆ, ನೋವು ಅಲ್ಲೇ ಉಳಿಯುತ್ತದೆ. ಹಾಗಾದರೆ ಈ ನೋವು ಏನು, ಸೈನಿಕರಿಗೆ ಯಾಕೆ ಬರುತ್ತದೆ, ಏನು ಮಾಡಬೇಕು? ಒಂದೊಂದಾಗಿ ನೋಡೋಣ.

ನೋವು ಇರುವುದು ಎಲ್ಲಿ?

ಸೊಂಟದ ಮೂಳೆಗಳು ಸೇರಿ ಒಂದು ಬುಟ್ಟಿಯಂತೆ ಇರುತ್ತವೆ. ಆ ಬುಟ್ಟಿಯಲ್ಲಿ ಮೂತ್ರಕೋಶ, ಕರುಳಿನ ಕೊನೆಯ ಭಾಗ, ಹೆಂಗಸರಲ್ಲಿ ಗರ್ಭಕೋಶ ಇರುತ್ತವೆ. ಗಂಡಸರಲ್ಲಿ ಮೂತ್ರಕೋಶದ ಕೆಳಗೆ ಪ್ರಾಸ್ಟೇಟ್ ಎಂಬ ಸಣ್ಣ ಗ್ರಂಥಿ ಇದೆ. ಮೂತ್ರನಾಳ ಅದರ ನಡುವಿನಿಂದಲೇ ಹಾದು ಬರುತ್ತದೆ. ಬುಟ್ಟಿಯ ತಳದಲ್ಲಿ ತೂಗುಮಂಚದ ಬಟ್ಟೆಯಂತೆ ಹರಡಿಕೊಂಡ ಮಾಂಸಖಂಡಗಳಿವೆ. ಮೂತ್ರ ತಡೆಯುವುದು, ಬಿಡುವುದು ಎಲ್ಲಕ್ಕೂ ಈ ಮಾಂಸಖಂಡಗಳೇ ಬೇಕು.

ಈ ಭಾಗದಲ್ಲಿ ಬಹಳ ದಿನ ಉಳಿಯುವ ನೋವನ್ನು ವೈದ್ಯರು ದೀರ್ಘಕಾಲದ ಕಿಬ್ಬೊಟ್ಟೆ ನೋವು ಅನ್ನುತ್ತಾರೆ. ಗಂಡಸರಲ್ಲಿ ಇದಕ್ಕೆ ಪ್ರಾಸ್ಟಟೈಟಿಸ್ ಅನ್ನುವ ಹೆಸರು ಬಳಕೆಯಲ್ಲಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1999ರಲ್ಲಿ ಇದನ್ನು ನಾಲ್ಕು ವಿಧವಾಗಿ ವಿಂಗಡಿಸಿತು. ಮೊದಲನೆಯದು ಜ್ವರ, ಚಳಿ ತರುವ ದಿಢೀರ್ ಸೋಂಕು. ಎರಡನೆಯದು ಮತ್ತೆ ಮತ್ತೆ ಬರುವ ಸೋಂಕು. ಮೂರನೆಯದು ಸೋಂಕು ಸಿಗದೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ನೋವು. ನಾಲ್ಕನೆಯದು ಬೇರೆ ಯಾವುದಕ್ಕೋ ಪರೀಕ್ಷೆ ಮಾಡಿದಾಗ ಕಾಣಿಸುವ, ರೋಗಿಗೆ ತೊಂದರೆ ಕೊಡದ ಉರಿಯೂತ.

ಇಲ್ಲಿ ಮುಖ್ಯವಾದ ಮಾತು ಇದು: ಪ್ರಾಸ್ಟಟೈಟಿಸ್ ಅಂತ ಬರುವ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೆ ಇರುವುದು ಮೂರನೇ ವಿಧ. ಅಂದ್ರೆ ಅವರ ಮೂತ್ರದಲ್ಲಿ ನೋವಿಗೆ ಕಾರಣವಾದ ಬ್ಯಾಕ್ಟೀರಿಯಾ ಸಿಗುವುದಿಲ್ಲ. ಸೋಂಕೇ ಇಲ್ಲದಿದ್ದ ಮೇಲೆ ಅದು ಹೆಂಡತಿಗೆ ಹರಡುವುದೂ ಇಲ್ಲ, ಆಂಟಿಬಯೋಟಿಕ್ ನುಂಗಿ ವಾಸಿಯಾಗುವುದೂ ಇಲ್ಲ.

ಸೈನಿಕರಿಗೇ ಯಾಕೆ ಹೆಚ್ಚು ತೊಂದರೆ?

ಒಂದೇ ಕಾರಣ ಅಂತ ಬೆರಳು ತೋರಿಸಲು ಆಗದು. ಗಡಿಯ ಬದುಕಿನಲ್ಲಿ ನಾಲ್ಕೈದು ಸಂಗತಿ ಒಟ್ಟಿಗೆ ಸೇರಿಕೊಳ್ಳುತ್ತವೆ.

ಮೊದಲನೆಯದು ನೀರು. ರಾಜಸ್ಥಾನದ ಗಡಿಯಲ್ಲಿ ಬೇಸಿಗೆಯ ಬಿಸಿ 50 ಡಿಗ್ರಿ ಹತ್ತಿರ ಹೋಗುತ್ತದೆ. ಕುಡಿದ ನೀರೆಲ್ಲ ಬೆವರಾಗಿ ಹೋಗಿ, ಮೂತ್ರ ಕಡಿಮೆಯಾಗಿ ಗಟ್ಟಿಯಾಗುತ್ತದೆ. ಅದರಲ್ಲಿರುವ ಲವಣಗಳು ಹರಳುಗಟ್ಟಿ ಕಿಡ್ನಿಯಲ್ಲಿ ಕಲ್ಲಾಗುತ್ತವೆ. ಕುವೈತ್ ಮತ್ತು ಇರಾಕ್‌ಗೆ ಹೋಗಿದ್ದ ಅಮೆರಿಕದ ಸೈನಿಕರಲ್ಲಿ ಕಲ್ಲಿನ ನೋವು ಬಂದ 182 ಮಂದಿಯ ದಾಖಲೆ ನೋಡಿದ ವೈದ್ಯರು 2005ರಲ್ಲಿ ಒಂದು ವರದಿ ಪ್ರಕಟಿಸಿದರು. ಮರುಭೂಮಿಗೆ ಕಾಲಿಟ್ಟ ಮೇಲೆ ನೋವು ಶುರುವಾಗಲು ಹಿಡಿದದ್ದು ಸರಾಸರಿ 93 ದಿನ ಮಾತ್ರ. ಕಲ್ಲು ಬೆಳೆಯಲು ವರ್ಷಗಳು ಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಬಿಸಿಲಿನ ನಾಡಿನಲ್ಲಿ ಮೂರು ತಿಂಗಳು ಸಾಕು.

ಹಿಮದ ನಾಡಿನಲ್ಲಿ ನೀರಿನ ಕಥೆ ಇನ್ನೊಂದು ರೀತಿ. ಸಿಯಾಚಿನ್ ಅಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿಯಲ್ಲಿ 19,600 ಅಡಿ ಎತ್ತರದಲ್ಲಿ ಆರು ದಿನ ಹಿಮದಡಿ ಸಿಲುಕಿ, ಜೀವಂತವಾಗಿ ಹೊರಬಂದು, ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ದೇಹದಲ್ಲಿ ನೀರು ತೀವ್ರವಾಗಿ ಬತ್ತಿದೆ, ಕಿಡ್ನಿ ಮತ್ತು ಲಿವರ್ ಕೆಲಸ ಮಾಡುತ್ತಿಲ್ಲ ಅಂತ ಆಗ ವೈದ್ಯರು ಹೇಳಿದ್ದರು. ಅದು ಹಿಮಕುಸಿತದ ದುರಂತ, ದಿನನಿತ್ಯದ ಮಾತಲ್ಲ. ಆದರೆ ಸುತ್ತ ಹಿಮವೇ ಇರುವ ಜಾಗದಲ್ಲಿ ದೇಹ ಒಣಗುತ್ತದೆ ಅನ್ನುವುದು ಅಲ್ಲಿನ ದಿನನಿತ್ಯದ ಸತ್ಯವೂ ಹೌದು.

ಯಾಕೆ ಅಂದ್ರೆ, ಅಲ್ಲಿ ಗಾಳಿ ಒಣಗಿರುತ್ತದೆ. ಏದುಸಿರು ಬಿಟ್ಟಷ್ಟೂ ನೀರು ಹೋಗುತ್ತದೆ. ಚಳಿಗೆ ಮೂತ್ರವೂ ಹೆಚ್ಚು. ಬಾಯಾರಿಕೆ ಮಾತ್ರ ಆಗುವುದಿಲ್ಲ. ಕುಡಿಯಬೇಕು ಅಂದರೆ ಸೀಮೆಎಣ್ಣೆ ಸ್ಟೌ ಮೇಲೆ ಹಿಮ ಕರಗಿಸಬೇಕು. ಹಾಗಾಗಿ ಎಷ್ಟು ಬೇಕೋ ಅಷ್ಟು ಕುಡಿಯುವುದೇ ಇಲ್ಲ.

ಎರಡನೆಯದು ತಡೆದುಕೊಳ್ಳುವುದು. ಕಾವಲಿಗೆ ನಿಂತವರು ಜಾಗ ಬಿಡುವಂತಿಲ್ಲ. ವಾಹನಗಳ ಸಾಲು ನಡುದಾರಿಯಲ್ಲಿ ನಿಲ್ಲುವಂತಿಲ್ಲ. ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯ ರಾತ್ರಿಯಲ್ಲಿ ಪದರ ಪದರ ಬಟ್ಟೆ ಬಿಚ್ಚಿ ಮೂತ್ರಕ್ಕೆ ಹೋಗುವುದಕ್ಕಿಂತ ಬೆಳಗಿನ ತನಕ ತಡೆದುಕೊಳ್ಳುವುದೇ ವಾಸಿ ಅನ್ನಿಸುತ್ತದೆ. ದಿನಾ ಹೀಗೆ ಬಿಗಿಹಿಡಿದರೆ ತಳದ ಮಾಂಸಖಂಡಗಳು ಸಡಿಲಗೊಳ್ಳುವುದನ್ನೇ ಮರೆಯುತ್ತವೆ. ಊರಿಗೆ ಬಂದ ಮೇಲೂ ಬಿಗಿಯಾಗಿಯೇ ಇರುತ್ತವೆ. ಆ ಬಿಗಿತವೇ ನೋವು.

ಮೂರನೆಯದು ಭಾರ ಮತ್ತು ಕುಲುಕಾಟ. ಬೆನ್ನಿಗೆ ಚೀಲ, ಎದೆಗೆ ಗುಂಡು ತಡೆಯುವ ಕವಚ, ಕೈಯಲ್ಲಿ ಆಯುಧ. ಇದರ ಜೊತೆ ಹಾಳು ರಸ್ತೆಯಲ್ಲಿ ಲಾರಿಯ ಹಲಗೆ ಮೇಲೆ ಗಂಟೆಗಟ್ಟಲೆ ಪ್ರಯಾಣ. ಸೊಂಟ, ತೊಡೆಸಂದಿ, ಕೆಳಬೆನ್ನಿನ ಮೇಲೆಲ್ಲ ಒತ್ತಡ ಬೀಳುತ್ತದೆ.

ನಾಲ್ಕನೆಯದು ಮನಸ್ಸು. ಅಪಾಯ ಎದುರಾದಾಗ ಹಲ್ಲು ಕಚ್ಚುತ್ತೇವೆ, ಮುಷ್ಟಿ ಬಿಗಿಯುತ್ತೇವೆ. ಕಿಬ್ಬೊಟ್ಟೆಯ ಮಾಂಸಖಂಡವೂ ಹಾಗೆಯೇ ಬಿಗಿಯುತ್ತದೆ. ಇರಾಕ್ ಮತ್ತು ಅಫ್ಘಾನಿಸ್ತಾನದಿಂದ ಮರಳಿದ ಅಮೆರಿಕದ ಸೈನಿಕರ ದಾಖಲೆಗಳಲ್ಲಿ, ಯುದ್ಧದ ಆಘಾತ ಮನಸ್ಸಿನಲ್ಲಿ ಉಳಿದವರಿಗೆ ಮೂತ್ರದ ತೊಂದರೆಗಳೂ ಹೆಚ್ಚಾಗಿ ಕಂಡುಬಂದವು. 'ಎಲ್ಲಾ ನಿನ್ನ ಮನಸ್ಸಿನಲ್ಲೇ ಇರೋದು' ಅಂತ ಇದರ ಅರ್ಥ ಅಲ್ಲ. ನೋವು ನಿಜವಾಗಿಯೂ ದೇಹದಲ್ಲೇ ಇದೆ. ಬಹಳ ಕಾಲ ನೋವು ಸಹಿಸಿದ ನರಗಳು ಸಣ್ಣದಕ್ಕೂ ದೊಡ್ಡ ನೋವಿನ ಸುದ್ದಿ ಕಳಿಸುವಂತಾಗುತ್ತವೆ.

ಐದನೆಯದು ನೇರ ಗಾಯ. ನೆಲದಲ್ಲಿ ಹೂತಿಟ್ಟ ಬಾಂಬ್ ಸಿಡಿದಾಗ ಸ್ಫೋಟ ಕೆಳಗಿನಿಂದ ಮೇಲಕ್ಕೆ ಬರುತ್ತದೆ. ಎದೆಗೆ, ತಲೆಗೆ ಕವಚ ಇರುತ್ತದೆ, ತೊಡೆಸಂದಿಗೆ ಅಷ್ಟು ರಕ್ಷಣೆ ಇರುವುದಿಲ್ಲ. 2001ರಿಂದ 2013ರ ನಡುವೆ ಇರಾಕ್ ಮತ್ತು ಅಫ್ಘಾನಿಸ್ತಾನದಲ್ಲಿ ಅಮೆರಿಕದ 1,367 ಗಂಡು ಸೈನಿಕರಿಗೆ ಜನನಾಂಗ ಅಥವಾ ಮೂತ್ರಾಂಗಗಳಿಗೆ ಪೆಟ್ಟಾಗಿತ್ತು. ಅವರಲ್ಲಿ ಬಹುತೇಕರು 35 ವರ್ಷ ದಾಟದವರು. ಮದುವೆ, ಮಕ್ಕಳು ಎಲ್ಲ ಮುಂದೆ ಇರುವ ವಯಸ್ಸು. ಇಂಥ ಗಾಯ ಆದವರಿಗೆ ಚಿಕಿತ್ಸೆಯ ಜೊತೆ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಮಾತಾಡುವ ವೈದ್ಯರೂ ಬೇಕು.

ಹೆಣ್ಣುಮಕ್ಕಳ ಕಷ್ಟ ಇನ್ನೂ ಒಂದು ಕೈ ಮೇಲೆ

2021ರ ಮೇ 8ರಂದು ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 83 ಮಹಿಳಾ ಸೈನಿಕರ ಮೊದಲ ತಂಡ ತರಬೇತಿ ಮುಗಿಸಿ ಹೊರಬಂತು. 2023ರ ಜನವರಿಯಲ್ಲಿ ಕ್ಯಾಪ್ಟನ್ ಶಿವಾ ಚೌಹಾಣ್ ಸಿಯಾಚಿನ್‌ನ ಕುಮಾರ್ ಪೋಸ್ಟ್‌ನಲ್ಲಿ ಕರ್ತವ್ಯಕ್ಕೆ ನಿಂತ ಮೊದಲ ಮಹಿಳಾ ಅಧಿಕಾರಿಯಾದರು. ಇನ್ನು ಮುಂದೆ ನಮ್ಮ ಊರಿನ ಹೆಣ್ಣುಮಕ್ಕಳೂ ಗಡಿಗೆ ಹೋಗುತ್ತಾರೆ.

ಹೆಂಗಸರ ಮೂತ್ರನಾಳ ಚಿಕ್ಕದು. ಬ್ಯಾಕ್ಟೀರಿಯಾ ಬೇಗ ಮೂತ್ರಕೋಶ ಮುಟ್ಟುತ್ತದೆ. ಗಂಡಸರ ನಡುವೆ, ಬಯಲಲ್ಲಿ, ಮರೆ ಇಲ್ಲದ ಕಡೆ ಮೂತ್ರಕ್ಕೆ ಹೋಗುವುದು ಬೇಡ ಅಂತ ನೀರು ಕುಡಿಯುವುದನ್ನೇ ಬಿಡುವ ಅಭ್ಯಾಸ ಬೇರೆ ದೇಶಗಳ ಸೇನೆಗಳ ಹೆಣ್ಣುಮಕ್ಕಳಲ್ಲೂ ಕಂಡಿದೆ. ಇದಕ್ಕಾಗಿಯೇ ನಿಂತು ಮೂತ್ರ ಮಾಡಲು ಅನುಕೂಲವಾಗುವ ಕೊಳವೆಯಂಥ ಸಾಧನವನ್ನು ಅಮೆರಿಕದ ಸೇನೆ ಮಹಿಳಾ ಸೈನಿಕರಿಗೆ ಕೊಡುತ್ತದೆ. ಬಿಸಿಲಲ್ಲಿ ನೀರು ಬಿಟ್ಟರೆ ಉರಿಮೂತ್ರ, ಸೋಂಕು, ಕಲ್ಲು ಮೂರಕ್ಕೂ ದಾರಿ. ಹೊಲ, ಗದ್ದೆ, ತೋಟದ ಕೆಲಸಕ್ಕೆ ಹೋಗುವ ನಮ್ಮ ಹೆಂಗಸರಿಗೂ, ಶೌಚಾಲಯ ಇಲ್ಲದ ಅಂಗಡಿಗಳಲ್ಲಿ ಸೇಲ್ಸ್ ಕೆಲಸ ಮಾಡುವ ಹುಡುಗಿಯರಿಗೂ ಈ ಮಾತು ಹೊಸದಲ್ಲ.

ಕೌಂಟರ್‌ನಲ್ಲಿ ಸಿಗುವ ಮಾತ್ರೆಯಿಂದ ಏನು ನಷ್ಟ?

ಮೆಡಿಕಲ್ ಶಾಪ್ ನಡೆಸುವವರು ಈ ಭಾಗವನ್ನು ದಯವಿಟ್ಟು ಗಮನಿಸಿ. ಉರಿ, ನೋವು ಅಂದ ಕೂಡಲೇ ಸಿಪ್ರೊಫ್ಲಾಕ್ಸಾಸಿನ್ ಥರದ ಆಂಟಿಬಯೋಟಿಕ್ ಕೇಳುವವರು ಇದ್ದಾರೆ. ಇದನ್ನು ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ. ನಿಯಮದ ಮಾತು ಹಾಗಿರಲಿ, ನಷ್ಟ ಮೂರು ರೀತಿ ಆಗುತ್ತದೆ.

ಒಂದು, ಸೋಂಕೇ ಇಲ್ಲದವರಿಗೆ ಇದರಿಂದ ಲಾಭ ಇಲ್ಲ. ಮಾತ್ರೆ ನುಂಗಿದ ಎರಡು ದಿನ ಹಾಯ್ ಅನ್ನಿಸಬಹುದು, ನೋವು ಮತ್ತೆ ಬರುತ್ತದೆ. ಎರಡು, ನಿಜವಾಗಿ ಸೋಂಕು ಇದ್ದವರು ಅರ್ಧಂಬರ್ಧ ತಿಂದರೆ ಉಳಿದ ಬ್ಯಾಕ್ಟೀರಿಯಾ ಆ ಔಷಧಕ್ಕೆ ಬಗ್ಗದಂತಾಗುತ್ತದೆ. ಕಲ್ಚರ್ ಪರೀಕ್ಷೆಗೆ ಮೊದಲೇ ಮಾತ್ರೆ ತಿಂದಿದ್ದರೆ ಕಾರಣವೂ ಸರಿಯಾಗಿ ಗೊತ್ತಾಗುವುದಿಲ್ಲ. ಮೂರು, ಈ ಗುಂಪಿನ ಔಷಧಗಳು ಕೆಲವರಲ್ಲಿ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವಿಗೆ ಹಾನಿ ಮಾಡುತ್ತವೆ. ಓಡುವುದೇ ಕೆಲಸವಾಗಿರುವ ಸೈನಿಕನಿಗೆ ಅದು ಸಣ್ಣ ವಿಷಯವಲ್ಲ.

ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯೂ ಅಷ್ಟೆ. ನೀರು ಕಡಿಮೆ ಕುಡಿದು, ಬೆವರು ಸುರಿಸಿ, ಅದರ ಮೇಲೆ ದಿನಾ ಈ ಮಾತ್ರೆ ನುಂಗಿದರೆ ಪೆಟ್ಟು ಬೀಳುವುದು ಕಿಡ್ನಿಗೆ.

ಯಾವ ಪರೀಕ್ಷೆ ಮಾಡಿಸಬೇಕು?

ಮೊದಲು ಮೂತ್ರದ ಸಾಮಾನ್ಯ ಪರೀಕ್ಷೆ ಮತ್ತು ಕಲ್ಚರ್. ಆಮೇಲೆ ಹೊಟ್ಟೆಯ ಸ್ಕ್ಯಾನಿಂಗ್. ಅದರಲ್ಲಿ ಕಲ್ಲು ಇದೆಯೇ, ಮೂತ್ರ ಮಾಡಿದ ಮೇಲೂ ಒಳಗೆ ಎಷ್ಟು ಉಳಿಯುತ್ತದೆ ಅನ್ನುವುದು ಗೊತ್ತಾಗುತ್ತದೆ. ಕಿಡ್ನಿ ಹೇಗಿದೆ ಅಂತ ನೋಡಲು ರಕ್ತದಲ್ಲಿ ಕ್ರಿಯಾಟಿನಿನ್. ವೈದ್ಯರು ಗುದದ್ವಾರದ ಮೂಲಕ ಬೆರಳಿನಿಂದ ಪ್ರಾಸ್ಟೇಟ್ ಮುಟ್ಟಿ ನೋಡಬಹುದು. ಅರ್ಧ ನಿಮಿಷದ ಕೆಲಸ, ಬೇಡ ಅನ್ನಬೇಡಿ. ಪ್ರಾಸ್ಟೇಟ್ ಎಷ್ಟು ನೋಯುತ್ತದೆ, ತಳದ ಮಾಂಸಖಂಡ ಎಷ್ಟು ಬಿಗಿಯಾಗಿದೆ ಅನ್ನುವುದು ಅದರಲ್ಲೇ ತಿಳಿಯುತ್ತದೆ.

ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು ಕಾರಣ ಕ್ಷಯ. ಮೂತ್ರದಲ್ಲಿ ಕೀವಿನ ಕಣ ಇದೆ, ಆದರೆ ಸಾಮಾನ್ಯ ಕಲ್ಚರ್‌ನಲ್ಲಿ ಏನೂ ಬೆಳೆಯುತ್ತಿಲ್ಲ ಅಂದರೆ ಕಿಡ್ನಿ, ಮೂತ್ರಕೋಶದ ಟಿಬಿ ಇದೆಯೇ ಅಂತ ಬೇರೆಯಾಗಿ ಪರೀಕ್ಷಿಸಬೇಕು. ಟಿಬಿ ಪರೀಕ್ಷೆ, ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಚಿಕಿತ್ಸೆ ಒಂದೇ ಮಾತ್ರೆಯಲ್ಲಿ ಇಲ್ಲ

ಈಗಿನ ವೈದ್ಯರು ಇಂಥ ನೋವನ್ನು ಆರು ದಿಕ್ಕಿನಿಂದ ನೋಡುತ್ತಾರೆ: ಮೂತ್ರದ ತೊಂದರೆ, ಮನಸ್ಸಿನ ಒತ್ತಡ, ಪ್ರಾಸ್ಟೇಟ್ ಅಥವಾ ಮೂತ್ರಕೋಶದ್ದೇ ತೊಂದರೆ, ಸೋಂಕು, ನರಗಳು, ಮಾಂಸಖಂಡದ ಬಿಗಿತ. ಯಾರಿಗೆ ಯಾವುದು ಇದೆಯೋ ಅದಕ್ಕೆ ಚಿಕಿತ್ಸೆ. ಮೂತ್ರ ಸರಾಗವಾಗಲು ಟ್ಯಾಮ್ಸುಲೋಸಿನ್‌ನಂಥ ಮಾತ್ರೆ, ನರದ ನೋವಿಗೆ ಬೇರೆ ಮಾತ್ರೆ, ಬಿಗಿತಕ್ಕೆ ಫಿಸಿಯೋಥೆರಪಿ, ಮನಸ್ಸಿಗೆ ಆಪ್ತ ಸಮಾಲೋಚನೆ.

ಫಿಸಿಯೋಥೆರಪಿ ವಿಷಯದಲ್ಲಿ ಒಂದು ಎಚ್ಚರ. ಕಿಬ್ಬೊಟ್ಟೆಯ ಮಾಂಸಖಂಡ ಬಿಗಿ ಮಾಡುವ ವ್ಯಾಯಾಮದ ವಿಡಿಯೋ ಮೊಬೈಲ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ಈಗಾಗಲೇ ಬಿಗಿದುಕೊಂಡಿರುವವರು ಅದನ್ನು ಮಾಡಿದರೆ ನೋವು ಹೆಚ್ಚಬಹುದು. ಇವರಿಗೆ ಬೇಕಿರುವುದು ಸಡಿಲ ಮಾಡುವ ವ್ಯಾಯಾಮ, ಹೊಟ್ಟೆ ತುಂಬಿ ಉಸಿರಾಡುವ ಅಭ್ಯಾಸ. ತಿಳಿದವರಿಂದಲೇ ಕಲಿಯಿರಿ.

ಮನೆಯಲ್ಲಿ ಮಾಡಬಹುದಾದ್ದೂ ಇದೆ. ಅಗಲವಾದ ಟಬ್‌ನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಹದಿನೈದು ನಿಮಿಷ ಕೂರುವುದು. ದಿನಾ ನಡೆಯುವುದು. ಮಲಬದ್ಧತೆ ಆಗದಂತೆ ಸೊಪ್ಪು, ಹಣ್ಣು ತಿನ್ನುವುದು. ಖಾರ, ಮದ್ಯ ಕೆಲವರಿಗೆ ನೋವು ಕೆರಳಿಸುತ್ತವೆ. ಕೊಡಗಿನವರಿಗೆ ಬೇಜಾರಾಗಬಹುದು, ಕಾಫಿಯೂ ಕೆಲವರಿಗೆ ಆಗುವುದಿಲ್ಲ. ಎರಡು ವಾರ ಬಿಟ್ಟು ನೋಡಿ. ವ್ಯತ್ಯಾಸ ಕಾಣದಿದ್ದರೆ ಕುಡಿಯಿರಿ ಬಿಡಿ.

ಕಲ್ಲು ಬಂದವರಿಗೆ ಮದ್ದು ನೀರೇ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ಕುಡಿಯಬೇಕು. ಮೂತ್ರದ ಬಣ್ಣ ತಿಳಿಹಳದಿ ಇದ್ದರೆ ಸರಿ, ಗಾಢ ಹಳದಿ ಆದರೆ ನೀರು ಸಾಲದು. ಉಪ್ಪು ಕಡಿಮೆ ಮಾಡಿ, ನಿಂಬೆರಸ ಒಳ್ಳೆಯದು. ಕಲ್ಲು ಆಗುತ್ತದೆ ಅಂತ ಹಾಲು, ಮೊಸರು ಬಿಡಬೇಕಾಗಿಲ್ಲ. ಹೃದಯ ಅಥವಾ ಕಿಡ್ನಿ ಕಾಯಿಲೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ನೀರಿನ ಪ್ರಮಾಣ ಹೆಚ್ಚಿಸಬೇಕು.

ಈ ಲಕ್ಷಣ ಕಂಡರೆ ತಡ ಮಾಡಬೇಡಿ

* ಮೂತ್ರದಲ್ಲಿ ರಕ್ತ. ನೋವಿಲ್ಲದಿದ್ದರೂ, ಒಂದೇ ಸಲ ಬಂದಿದ್ದರೂ ತೋರಿಸಿ. ಬೀಡಿ, ಸಿಗರೇಟ್ ಸೇದುವವರಲ್ಲಿ ಇದು ಮೂತ್ರಕೋಶದ ಕ್ಯಾನ್ಸರ್‌ನ ಮೊದಲ ಸೂಚನೆ ಆಗಿರಬಹುದು.
* ಉರಿಮೂತ್ರ ಅಥವಾ ಪಕ್ಕೆ ನೋವಿನ ಜೊತೆ ಚಳಿಜ್ವರ.
* ಮೂತ್ರ ಕಟ್ಟಿಹೋಗುವುದು.
* ವೃಷಣದಲ್ಲಿ ದಿಢೀರನೆ ವಿಪರೀತ ನೋವು. ವೃಷಣ ತಿರುಚಿಕೊಂಡಿದ್ದರೆ ಉಳಿಸಿಕೊಳ್ಳಲು ಸುಮಾರು ಆರು ಗಂಟೆ ಮಾತ್ರ ಸಮಯ.
* ಬೆನ್ನುನೋವಿನ ಜೊತೆ ತೊಡೆಸಂದಿ ಮರಗಟ್ಟಿ, ಮಲಮೂತ್ರದ ಹಿಡಿತ ತಪ್ಪುವುದು.

ಈ ಐದರಲ್ಲಿ ಮೊದಲನೆಯದಕ್ಕೆ ಅದೇ ವಾರ ಹೋಗಿ. ಉಳಿದ ನಾಲ್ಕಕ್ಕೆ ಅದೇ ಗಂಟೆ ಹೊರಡಿ.

ಎಲ್ಲಿಗೆ ಹೋಗಬೇಕು? ಯಾವ ಕಾಗದ ಇಟ್ಟುಕೊಳ್ಳಬೇಕು?

ಸೇವೆಯಲ್ಲಿ ಇರುವವರು ಘಟಕದ ವೈದ್ಯಾಧಿಕಾರಿಗೆ ಹೇಳಬೇಕು. 'ಹೇಳಿದರೆ ಮೆಡಿಕಲ್ ಕೆಟಗರಿ ಇಳಿಸುತ್ತಾರೆ, ಬಡ್ತಿ ಹೋಗುತ್ತದೆ' ಅನ್ನುವ ಭಯ ಸುಳ್ಳು ಭಯ ಅಲ್ಲ, ಒಪ್ಪಿಕೊಳ್ಳೋಣ. ಆದರೆ ಇನ್ನೊಂದು ಕಡೆಯೂ ನೋಡಿ. ನಿವೃತ್ತಿಯ ಹೊತ್ತಿಗೆ ವೈದ್ಯಕೀಯ ಮಂಡಳಿ ನಿಮ್ಮನ್ನು ಪರೀಕ್ಷಿಸುತ್ತದೆ. ಕಾಯಿಲೆ ಸೇವೆಯಿಂದ ಬಂದದ್ದೇ, ಸೇವೆಯಿಂದ ಹೆಚ್ಚಾದದ್ದೇ ಅನ್ನುವುದರ ಮೇಲೆ ಅಂಗವೈಕಲ್ಯ ಪಿಂಚಣಿ ನಿಂತಿದೆ. ಇಪ್ಪತ್ತು ವರ್ಷ ಬಾಯಿ ಬಿಡದೆ ಇದ್ದು, ಕೊನೆಗೆ ಕಾಗದದಲ್ಲಿ ಒಂದು ಸಾಲೂ ಇಲ್ಲದಿದ್ದರೆ ಹೇಳಿದ್ದನ್ನು ನಂಬುವವರು ಯಾರು? ಆಸ್ಪತ್ರೆಯ ಚೀಟಿ, ಸ್ಕ್ಯಾನಿಂಗ್ ವರದಿ ಎಲ್ಲವನ್ನೂ ಒಂದು ಫೈಲ್‌ನಲ್ಲಿ ಇಟ್ಟುಕೊಳ್ಳಿ.

ಪಿಂಚಣಿ ಪಡೆಯುವ ಮಾಜಿ ಸೈನಿಕರಿಗೆ, ಅವರ ಅವಲಂಬಿತರಿಗೆ 2003ರಲ್ಲಿ ಶುರುವಾದ ಇಸಿಎಚ್‌ಎಸ್ ಯೋಜನೆ ಇದೆ. ಪಾಲಿಕ್ಲಿನಿಕ್‌ನಲ್ಲಿ ತೋರಿಸಿ, ಬೇಕಾದರೆ ದೊಡ್ಡ ಆಸ್ಪತ್ರೆಗೆ ಬರೆಸಿಕೊಳ್ಳಬಹುದು. ದಾಖಲೆಯ ಗೊಂದಲ ಇದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ.

ಅಗ್ನಿವೀರರ ಮನೆಯವರು ಒಂದು ಮಾತು ನೆನಪಿಡಬೇಕು. ಅಗ್ನಿಪಥ ಯೋಜನೆಯ ನಿಯಮದಂತೆ ನಾಲ್ಕು ವರ್ಷ ಮುಗಿಸಿ ಹೊರಬರುವವರಿಗೆ ಪಿಂಚಣಿಯೂ ಇಲ್ಲ, ಇಸಿಎಚ್‌ಎಸ್ ಕೂಡ ಇಲ್ಲ. ಹಾಗಾಗಿ ಮೂತ್ರದ, ಕಿಬ್ಬೊಟ್ಟೆಯ ಯಾವ ತೊಂದರೆ ಇದ್ದರೂ ಸೇವೆಯಲ್ಲಿ ಇರುವಾಗಲೇ ತೋರಿಸಿ, ದಾಖಲೆ ಮಾಡಿಸಿಕೊಂಡು ಬರುವುದು ಜಾಣತನ. ಹೊರಬಂದ ಮೇಲೆ ಸರ್ಕಾರಿ ಆಸ್ಪತ್ರೆ ಇದ್ದೇ ಇದೆ. ಮೂತ್ರಾಂಗ ತಜ್ಞರು ಬೇಕಾದರೆ ಮೈಸೂರು, ಮಂಗಳೂರಿಗೆ ಹೋಗಬೇಕಾಗಬಹುದು. ನಿದ್ದೆ ಬಾರದೆ, ಹಳೆಯ ಘಟನೆಗಳು ಕಾಡುತ್ತಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಗಲ್ಲಾಪೆಟ್ಟಿಗೆ ಮುಂದೆ ಕೂತವರಿಗೂ ಇದೇ ಪಾಠ

ಬೆಳಗ್ಗೆಯಿಂದ ರಾತ್ರಿ ತನಕ ಒಂದೇ ಕುರ್ಚಿ, ಅಂಗಡಿ ಬಿಟ್ಟು ಹೋದರೆ ಗಿರಾಕಿ ಹೋಗುತ್ತಾರೆ ಅಂತ ಮೂತ್ರ ತಡೆಯುವುದು, ತಡೆಯಬೇಕಲ್ಲ ಅಂತ ನೀರೇ ಕುಡಿಯದಿರುವುದು. ಆಟೋ, ಜೀಪು, ಲಾರಿ ಓಡಿಸುವವರದ್ದೂ ಇದೇ ಪಾಡು. ಸೈನಿಕನಿಗೆ ಜಾಗ ಬಿಡದಂತೆ ಆದೇಶ ಇರುತ್ತದೆ. ನಮಗೆ ಅಂಥ ಆದೇಶ ಯಾರೂ ಕೊಟ್ಟಿಲ್ಲ. ಎರಡು ಮೂರು ಗಂಟೆಗೊಮ್ಮೆ ಎದ್ದು ಹೋಗಿ ಬನ್ನಿ. ಪಕ್ಕದ ಅಂಗಡಿಯವರು ಐದು ನಿಮಿಷ ಗಲ್ಲಾ ನೋಡಿಕೊಳ್ಳುತ್ತಾರೆ.

ಬ್ಯಾಂಕು, ಎಟಿಎಂ, ಮಾಲ್‌ಗಳಲ್ಲಿ ಕಾವಲಿಗೆ ಇರುವ ಮಾಜಿ ಸೈನಿಕರಿಗೆ ಹನ್ನೆರಡು ಗಂಟೆಯ ಪಾಳಿಯಲ್ಲಿ ಶೌಚಾಲಯ ಎಲ್ಲಿದೆ ಅಂತ ಅವರನ್ನು ಕೆಲಸಕ್ಕೆ ಇಟ್ಟುಕೊಂಡವರು ಒಮ್ಮೆ ಕೇಳಬೇಕು. ಎದುರಿನ ಅಂಗಡಿಯವರು 'ಬನ್ನಿ ಸಾರ್, ನಮ್ಮದನ್ನೇ ಬಳಸಿ' ಅಂದರೂ ಅದು ದೊಡ್ಡ ಉಪಕಾರ.

ಮನೆಯಲ್ಲಿ ರಜೆಗೆ ಬಂದವರು ರಾತ್ರಿ ನಾಲ್ಕೈದು ಸಲ ಏಳುತ್ತಿದ್ದರೆ, ಕೂರುವಾಗ ಮುಖ ಹಿಂಡುತ್ತಿದ್ದರೆ, ಹೆಂಡತಿಯಿಂದ ದೂರ ಇರುತ್ತಿದ್ದರೆ ಸಂಶಯ ಪಡಬೇಡಿ, ಗದರಬೇಡಿ. 'ಕೆಳಹೊಟ್ಟೆ ನೋಯುತ್ತಾ?' ಅಂತ ನೇರವಾಗಿ ಕೇಳಿ. ಹೌದು ಅಂದರೆ ರಜೆ ಮುಗಿಯುವ ಮೊದಲೇ ಒಂದು ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.